ಏರ್ ರೈಫಲ್‌ಗೆ ಹೊಸ ಮರದ ಹಿಡಿ: ಬೋಲ್ಟೇ, ರಿವೆಟ್ಟೇ, ಅಂಟೇ?

ಪ್ರಶ್ನೆ (ಮೂಡಿಗೆರೆಯಿಂದ)

ನನ್ನಲ್ಲಿ 4.5 ಮಿಲಿಮೀಟರ್ ನಳಿಕೆಯ, ಸ್ಪ್ರಿಂಗ್‌ನಿಂದ ಕೆಲಸ ಮಾಡುವ ಹಳೆಯ ಏರ್ ರೈಫಲ್ ಒಂದಿದ್ದು, ಅದನ್ನು ಗುರಿ ಅಭ್ಯಾಸಕ್ಕಷ್ಟೇ ಬಳಸುತ್ತೇನೆ. ಅದರ ಮೂಲ ಹಿಡಿ ನನ್ನ ತೋಳಿಗೆ ಗಿಡ್ಡವಾದ್ದರಿಂದ ತೋಟದ ಸಿಲ್ವರ್ ಓಕ್ ಹಲಗೆಯಲ್ಲಿ ಹೊಸದನ್ನು ಮಾಡಿಸಿದೆ. ಆದರೆ ಮುಂಭಾಗದ ಎರಡು ಸ್ಕ್ರೂಗಳು ಪದೇ ಪದೇ ಸಡಿಲವಾಗಿ ಗುರಿ ತಪ್ಪುತ್ತಿದೆ. ವೆಲ್ಡಿಂಗ್ ಅಂಗಡಿಯವರು ರಿವೆಟ್ ಹೊಡೆಯೋಣ ಎನ್ನುತ್ತಾರೆ, ಬಡಗಿ ಅಂಟು ಸಾಕು ಎನ್ನುತ್ತಾರೆ. ನಮ್ಮ ಮಳೆಗಾಲವನ್ನು ತಾಳಿಕೊಳ್ಳುವ ಜೋಡಣೆ ಯಾವುದು? ಮನೆಯಲ್ಲಿರುವ ಪರವಾನಗಿಯ ಜೋಡುನಳಿಗೆ ಕೋವಿಯ ಹಿಡಿಯೂ ಬಿರುಕು ಬಿಟ್ಟಿದೆ. ಅದಕ್ಕೂ ಇದೇ ವಿಧಾನ ಆದೀತೇ?

ಉತ್ತರ 1 (ಹಾಸನದಿಂದ)

ರಿವೆಟ್ ಬೇಡವೇ ಬೇಡ. ಸ್ಪ್ರಿಂಗ್ ಮತ್ತು ವಾಷರ್ ಬದಲಿಸಲು ಹಿಡಿಯನ್ನು ಬಿಚ್ಚಲೇಬೇಕಾಗುತ್ತದೆ. ಅಲ್ಲದೆ ರಿವೆಟ್ ಬಡಿಯುವಾಗ ಪಿಸ್ಟನ್ ಓಡಾಡುವ ಕೊಳವೆ ಸ್ವಲ್ಪ ನೆಗ್ಗಿದರೂ ರೈಫಲ್ ಕೆಟ್ಟಂತೆಯೇ. ಅದೇ ಕಾರಣಕ್ಕೆ ಆ ಕೊಳವೆಗೆ ಡ್ರಿಲ್ಲನ್ನಾಗಲಿ ವೆಲ್ಡಿಂಗನ್ನಾಗಲಿ ತಾಗಿಸಬಾರದು.

ಸ್ಕ್ರೂ ಏಕೆ ಸಡಿಲವಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ರೈಫಲ್ ಹಿಂದಕ್ಕೆ ತಳ್ಳಲ್ಪಡುತ್ತದೆ. ಮರುಕ್ಷಣವೇ ಪಿಸ್ಟನ್ ತಡೆಗೊಂಡಾಗ ಮುಂದಕ್ಕೆ ಜಗ್ಗುತ್ತದೆ. ಈ ಎರಡೂ ದಿಕ್ಕಿನ ಕುಲುಕಾಟದಲ್ಲಿ ಸ್ಕ್ರೂವಿನ ತಲೆಯ ಕೆಳಗಿನ ಮರ ನಜ್ಜಾಗಿ ಬಿಗಿ ಹೋಗುತ್ತದೆ. ಸಿಲ್ವರ್ ಓಕ್ ಮೆದುವಾದ ಮರವಾದ್ದರಿಂದ ಇದು ಇನ್ನೂ ಬೇಗ ಆಗುತ್ತದೆ. ಮಳೆಗಾಲದಲ್ಲಿ ಮರ ಎಳೆಗೆ ಅಡ್ಡಲಾಗಿ ಊದಿಕೊಂಡು, ಬೇಸಿಗೆಯಲ್ಲಿ ಮತ್ತೆ ಕುಗ್ಗುವುದೂ ಇದಕ್ಕೆ ಸೇರಿಕೊಳ್ಳುತ್ತದೆ.

ಆದ್ದರಿಂದ ಬಿಗಿಯ ಭಾರವನ್ನು ಮರದ ಮೇಲೆ ಬಿಡದೆ ಲೋಹಕ್ಕೆ ವಹಿಸಬೇಕು. ಸ್ಕ್ರೂ ಹಾಯುವ ರಂಧ್ರವನ್ನು ಹಿಗ್ಗಿಸಿ, ಅಲ್ಲಿನ ಮರದಷ್ಟೇ ಉದ್ದದ ಅಲ್ಯೂಮಿನಿಯಂ ಇಲ್ಲವೇ ಹಿತ್ತಾಳೆಯ ಕೊಳವೆಯನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ. ಸ್ಕ್ರೂವಿನ ತಲೆ ಕೊಳವೆಯ ಒಂದು ತುದಿಯ ಮೇಲೂ ರೈಫಲ್‌ನ ಉಕ್ಕು ಇನ್ನೊಂದು ತುದಿಯ ಮೇಲೂ ಕೂತರೆ ಮರ ಊದಿದರೂ ಕುಗ್ಗಿದರೂ ಬಿಗಿ ಅಷ್ಟೇ ಇರುತ್ತದೆ. ಯಾವ ಲೇತ್ ಅಂಗಡಿಯಲ್ಲಾದರೂ ಇದನ್ನು ಕಡೆದು ಕೊಡುತ್ತಾರೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿಗಿಂತ ನಿಧಾನವಾಗಿ ಗಟ್ಟಿಯಾಗುವುದನ್ನೇ ಬಳಸಿ ಒಂದು ಇಡೀ ದಿನ ಬಿಡಿ. ಸ್ಕ್ರೂ ಮತ್ತು ಉಕ್ಕಿಗೆ ಮೊದಲೇ ಮೇಣ ಸವರದಿದ್ದರೆ ಎಲ್ಲವೂ ಒಂದಾಗಿ ಅಂಟಿಬಿಡುತ್ತವೆ. ಬಡಗಿ ಹೇಳುವ ಅಂಟಿಗೆ ಇಷ್ಟೇ ಕೆಲಸ.

ಉತ್ತರ 2 (ಚಿಕ್ಕಮಗಳೂರಿನಿಂದ)

ಕೊಳವೆಯ ಮಾತು ಸರಿ, ಆದರೆ ಅದೊಂದೇ ಸಾಲದು. ಸ್ಕ್ರೂವಿನ ಮರೆಯಲ್ಲಿರುವ (ಅಂದರೆ ತಿರುಪಿನ ಸುರುಳಿ ಗೆರೆಗಳಲ್ಲಿರುವ) ಎಣ್ಣೆಯನ್ನು ಅಸಿಟೋನ್‌ನಿಂದ ತೆಗೆದು, ನೀಲಿ ಬಣ್ಣದ ಮಧ್ಯಮ ಬಲದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟುದ್ರವ) ಒಂದು ತೊಟ್ಟು ಹಾಕಿ. ಗಾಳಿ ಸೋಕದ ಕಡೆ, ಲೋಹದ ಸಂಪರ್ಕದಲ್ಲಿ ಅದು ಗಟ್ಟಿಯಾಗುತ್ತದೆ; ಹಾಗಾಗಿ ಮರಕ್ಕೆ ನೇರವಾಗಿ ಕಚ್ಚುವ ಸ್ಕ್ರೂಗಳಿಗೆ ಅದರಿಂದ ಪ್ರಯೋಜನವಿಲ್ಲ. ಕೆಂಪಿನದನ್ನು ಹಾಕಿದರೆ ಬಿಚ್ಚಲು ಚೆನ್ನಾಗಿ ಕಾಯಿಸಬೇಕಾಗುತ್ತದೆ, ಅಷ್ಟರಲ್ಲಿ ಹಿಡಿಯೇ ಸುಟ್ಟೀತು.

ಕೋವಿಯ ವಿಷಯಕ್ಕೆ ಕೈ ಹಾಕಬೇಡಿ. 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಬಂದೂಕಿನ ರಿಪೇರಿ, ಮಾರ್ಪಾಡು ಎರಡಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. ಪರವಾನಗಿಯುಳ್ಳ ಕೋವಿ ರಿಪೇರಿಯವರಲ್ಲಿಗೇ ಅದನ್ನು ಒಯ್ಯಿರಿ. ಏರ್ ರೈಫಲ್‌ನಲ್ಲೂ, ಬಿಚ್ಚಿದ್ದಾಯಿತಲ್ಲ ಎಂದು ಜೋರಾದ ಸ್ಪ್ರಿಂಗ್ ತುರುಕುವ ಆಸೆ ಬೇಡ: ನಳಿಕೆಯ ಬಾಯಿಯಲ್ಲಿ ಗುಂಡಿನ ಶಕ್ತಿ 20 ಜೂಲ್ ಮೀರಿದರೆ ಅದಕ್ಕೂ ಪರವಾನಗಿ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಕೋವಿಯನ್ನು ಕೆಲಸ ಬಲ್ಲವರಿಗೇ ಒಪ್ಪಿಸುತ್ತೇನೆ. ಟ್ರಿಗರ್ ಗಾರ್ಡಿನ ಹಿಂದಿನ ಸ್ಕ್ರೂ ಮಾತ್ರ ನೇರವಾಗಿ ಮರಕ್ಕೇ ಕೂರುತ್ತದೆ, ಅದಕ್ಕೇನು ಮಾಡಲಿ?

ಉತ್ತರ 3 (ಸಕಲೇಶಪುರದಿಂದ)

ಅಲ್ಲಿ ಒಳಗೂ ಹೊರಗೂ ಮರೆಯಿರುವ ಹಿತ್ತಾಳೆಯ ಬುಷ್ ಕೂರಿಸಿ ಮೆಷಿನ್ ಸ್ಕ್ರೂ ಹಾಕಿ, ಆಗ ಬಿಚ್ಚಿ ಕೂರಿಸಿದಷ್ಟೂ ಮರ ಸವೆಯುವ ತೊಂದರೆ ಇರುವುದಿಲ್ಲ. ರಂಧ್ರದ ಒಳಮೈಗೂ ಹಿಡಿಯ ಒಳಗುಳಿಗೂ ವಾರ್ನಿಷ್ ಬಳಿಯಿರಿ; ಹೊರಮೈಗೆ ಮಾತ್ರ ಪಾಲಿಶ್ ಮಾಡಿದ ಹಿಡಿಗೆ ತೇವ ಒಳಗಿನಿಂದಲೇ ಸೇರುತ್ತದೆ. ಕೆಲಸ ಮುಗಿದ ಮೇಲೆ ಪ್ರತಿ ಸ್ಕ್ರೂವಿನ ತಲೆಯಿಂದ ಮರದವರೆಗೆ ಬಣ್ಣದಲ್ಲಿ ಒಂದು ತೆಳು ಗೆರೆ ಎಳೆದಿಟ್ಟರೆ, ಸ್ಕ್ರೂ ಎಳ್ಳಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.