ಓದುಗರ ಸ್ಪಂದನ: ‘ಅವಳಿಗೆ ಸರ್ಕಾರ ಕೊಡುತ್ತಲ್ಲ, ನಾವ್ಯಾಕೆ ಜಾಸ್ತಿ ಕೊಡಬೇಕು?’

ರಾಜಾಜಿನಗರದ ಓದುಗರೊಬ್ಬರು (ಹೆಸರು ಬೇಡ ಎಂದಿದ್ದರು) ಕಳೆದ ಸಂಚಿಕೆಯಲ್ಲಿ ಕೇಳಿದ್ದ ಪ್ರಶ್ನೆ ನೆನಪಿರಬಹುದು. ಯಜಮಾನರು ಖಾಸಗಿ ಕಾರ್ಖಾನೆಯಿಂದ ನಿವೃತ್ತರು, ಸಂಸಾರ ನಡೆಯುವುದು ಠೇವಣಿಯ ಬಡ್ಡಿಯಲ್ಲಿ. ಬಹಳ ವರ್ಷಗಳಿಂದ ಮುಸುರೆ, ಕಸ, ನೆಲ ನೋಡಿಕೊಳ್ಳುತ್ತಿರುವ ಮನೆಗೆಲಸದಾಕೆ 3,000 ರೂಪಾಯಿ ಸಂಬಳವನ್ನು 4,000 ಮಾಡಿ ಎಂದು ಕೇಳಿದ್ದಾರೆ. ‘ಗೃಹಲಕ್ಷ್ಮಿ ಬರುತ್ತೆ, ಬಸ್ಸು ಫ್ರೀ, ಕರೆಂಟು ಫ್ರೀ, ಅಕ್ಕಿ ಫ್ರೀ. ನಮಗೇನು ಫ್ರೀ ಇದೆ?’ ಎನ್ನುವುದು ಯಜಮಾನರ ವಾದ. ಪತ್ರ ಬರೆದವರಿಗೆ ಆ ವಾದ ಒಪ್ಪಿಗೆಯಿಲ್ಲ, ಆದರೆ ಎದುರು ಹೇಳಲು ಮಾತು ಸಿಗುತ್ತಿಲ್ಲ. ಬಂದ ಉತ್ತರಗಳಲ್ಲಿ ಕೆಲವನ್ನು ಆಯ್ದಿದ್ದೇವೆ. ಒಂದು ಪತ್ರ ಉದ್ದವಾಗಿದೆ, ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

*

ಗೃಹಲಕ್ಷ್ಮಿಯ ಎರಡು ಸಾವಿರ ಕೊಡುವುದು ಸರ್ಕಾರ. ಪಾತ್ರೆ ತೊಳೆಸಿಕೊಳ್ಳುವುದು ನೀವು. ಇದರಲ್ಲಿ ಕೇಳುವುದಕ್ಕೆ ಏನಿದೆ?

— ಓದುಗರು, ಚಾಮರಾಜಪೇಟೆ

*

ಅಮ್ಮಾ, ನಿಮ್ಮ ಯಜಮಾನರನ್ನು ಈ ವಾರ ಎಲ್ಲರೂ ಬೈಯುತ್ತಾರೆ. ಅವರ ಪರವಾಗಿ ಒಬ್ಬನಾದರೂ ಬರೆಯಲಿ ಎಂದು ಕೂತಿದ್ದೇನೆ.

ನಾನೂ ಕಾರ್ಖಾನೆಯಲ್ಲಿ ದುಡಿದವನು. ಖಾಸಗಿ ನೌಕರರಿಗಿರುವ ಇಪಿಎಸ್-95 ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಹತ್ತು ವರ್ಷ ಕಳೆದ ಮೇಲೂ ಅಷ್ಟೇ ಇತ್ತು. ಸಾವಿರ ರೂಪಾಯಿಗೆ ಈ ಊರಿನಲ್ಲಿ ಏನು ಬರುತ್ತದೆ ಹೇಳಿ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಹೆಂಡತಿಗೆ ಟಿಕೆಟ್ ಬೇಡ, ನನಗೆ ಬೇಕು. ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90ಕ್ಕೆ ಹೋಯಿತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ, ಅದೇ ತಿಂಗಳು ಸಿಲಿಂಡರಿಗೆ 50 ರೂಪಾಯಿ, ಅದರ ಜೊತೆಗೆ ಕಸದ ಶುಲ್ಕ, ನೀರಿನ ದರ. ಬಿಪಿಎಲ್ ಕಾರ್ಡಿಗೆ ವರಮಾನದ ಮಿತಿ ವರ್ಷಕ್ಕೆ 1.2 ಲಕ್ಷ. ನಮ್ಮ ಬಡ್ಡಿ ಅದಕ್ಕಿಂತ ಸ್ವಲ್ಪ ಮೇಲೆ. ಅಂದರೆ ನಾವು ಬಡವರಲ್ಲ. ಆದರೆ ಮಾತ್ರೆ ಅಂಗಡಿಯಲ್ಲಿ ಹದಿನೈದು ದಿನದ್ದು ಸಾಕು ಎಂದು ಕೇಳಿ ತರುವವರು.

ಕೆಲಸದಾಕೆಗೆ ಸರ್ಕಾರ ಕೊಡಲಿ, ಬೇಡ ಎನ್ನುವುದಿಲ್ಲ. ಗೆರೆಯ ಈಚೆ ಒಂದಡಿಯಲ್ಲಿ ನಿಂತವರನ್ನು ಯಾರು ನೋಡುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ.

— ನಿವೃತ್ತ ಕಾರ್ಮಿಕ, ವಿಜಯನಗರ

(ಇದು ಹಲವರ ಸಂಕಟ, ನಿಜವಾದದ್ದೇ. ಇದಕ್ಕೆ ಜವಾಬು ಯಾರು ಕೊಡಬೇಕು ಎಂಬುದನ್ನು ಮುಂದಿನ ಪತ್ರಗಳೊಂದಿಗೆ ಸೇರಿಸಿ ಓದಬೇಕೆಂದು ಕೋರುತ್ತೇವೆ. — ಸಂ.)

*

‘ನಮಗೇನು ಫ್ರೀ ಇದೆ?’ ಎಂದು ಕೇಳಿದ್ದಾರಲ್ಲ, ಉತ್ತರ ಇಲ್ಲಿದೆ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅದಕ್ಕೆ ಬಡತನದ ಷರತ್ತು ಇಲ್ಲ, ಕರ್ನಾಟಕದ ಹೆಣ್ಣುಮಗಳಾದರೆ ಸಾಕು. ಗೃಹಜ್ಯೋತಿಯೂ ಹಾಗೆಯೇ. 2022-23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ, 200 ಯೂನಿಟ್ ಒಳಗೆ ಇದ್ದರೆ ಯಾರ ಮನೆಯಾದರೂ ಸೊನ್ನೆ ಬಿಲ್. ಇಬ್ಬರೇ ಇರುವ ನಿಮ್ಮ ಮನೆಗೂ ಆ ಬಿಲ್ ಬರುತ್ತಿರಬೇಕು. ಗೃಹಲಕ್ಷ್ಮಿಗೆ ಎಪಿಎಲ್ ಕಾರ್ಡಿನವರೂ ಅರ್ಹರು. ಹೆಂಡತಿಯೋ ಗಂಡನೋ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು ಆಗಿರಬಾರದು ಅಷ್ಟೆ. ನೀವು ಅರ್ಜಿ ಹಾಕಿದ್ದೀರಾ? ಇಲ್ಲದಿದ್ದರೆ ಮೊದಲು ಅದನ್ನು ನೋಡಿ.

ಅಕ್ಕಿ ಒಂದೇ ಆಕೆಗಿದ್ದು ನಿಮಗಿಲ್ಲದ್ದು. ಅಕ್ಕಿಯ ಬಾಬ್ತು ಸಾವಿರ ರೂಪಾಯಿ ಮುರಿದುಕೊಳ್ಳಬಹುದೇ ಎಂದು ನಿಮ್ಮವರನ್ನೇ ಕೇಳಿ.

— ಗೃಹಿಣಿ, ಬಸವನಗುಡಿ

(ಈ ಪತ್ರ ಓದಿದ ಮೇಲೆ ಮೂಲ ಪ್ರಶ್ನೆಯೇ ಸ್ವಲ್ಪ ಬದಲಾದಂತೆ ನಮಗೆ ಕಂಡಿತು. — ಸಂ.)

*

ನನ್ನ ಕಷ್ಟ ಬೇರೆ. ರೇಷನ್ ಕಾರ್ಡು ಅತ್ತೆ ಹೆಸರಲ್ಲಿದೆ, ಗೃಹಲಕ್ಷ್ಮಿ ದುಡ್ಡು ಅವರಿಗೆ ಬರುತ್ತೆ, ಅವರು ಅದನ್ನು ನಾದಿನಿಗೆ ಕೊಡ್ತಾರೆ. ಮನೆ ನಡೆಸೋಳು ನಾನು. ಒಂದು ಕಾರ್ಡಿಗೆ ಒಬ್ಬರೇ ಯಜಮಾನಿ ಅಂತಾರಲ್ಲ, ನಮ್ಮಂಥವರಿಗೆ ಏನು ದಾರಿ?

— ಗಾರ್ಮೆಂಟ್ಸ್ ನೌಕರಳು, ಲಗ್ಗೆರೆ

(ಇದು ಪ್ರತ್ಯೇಕ ಚರ್ಚೆಗೆ ಯೋಗ್ಯವಾದ ಪ್ರಶ್ನೆ. ಮುಂದೊಮ್ಮೆ ಎತ್ತಿಕೊಳ್ಳುತ್ತೇವೆ. — ಸಂ.)

*

ನಿಮ್ಮ ಯಜಮಾನರ ಮಾತನ್ನು ನಾನು ಶಾಲೆಯಲ್ಲಿದ್ದಾಗಲೇ ಕೇಳಿದ್ದೇನೆ. ಹೇಳಿದವರು ಬೇರೆ, ಯೋಜನೆ ಬೇರೆ, ಮಾತು ಅದೇ.

ನಾವಿದ್ದದ್ದು ಈಜಿಪುರದಲ್ಲಿ ಬಡವರಿಗೆಂದು ಕಟ್ಟಿದ್ದ ಇಡಬ್ಲ್ಯೂಎಸ್ ಕ್ವಾರ್ಟರ್ಸ್ ಜಾಗದ ತಗಡಿನ ಶೆಡ್ಡಿನಲ್ಲಿ. ಅಮ್ಮ ಕೋರಮಂಗಲದಲ್ಲಿ ನಾಲ್ಕು ಮನೆ ಕೆಲಸ ಮಾಡುತ್ತಿದ್ದರು, ನಡೆದು ಹೋಗುವಷ್ಟು ಹತ್ತಿರ. 2013ರ ಜನವರಿಯಲ್ಲಿ ನಮ್ಮನ್ನೆಲ್ಲ ಅಲ್ಲಿಂದ ತೆರವು ಮಾಡಿಸಿದರು. ಜೆಸಿಬಿ ಬಂದಾಗ ಅಪ್ಪ ಗ್ಯಾಸ್ ಸ್ಟವ್ ಹೊತ್ತುಕೊಂಡು ರಸ್ತೆಗೆ ಬಂದರು, ಅಣ್ಣ ಅವನ ಪುಸ್ತಕದ ಚೀಲ, ನಾನು ಅಕ್ಕಿ ಡಬ್ಬ. ಸರ್ಜಾಪುರ ರಸ್ತೆಯ ಕಡೆ ಒಂದು ಶೀಟಿನ ಮನೆ ಹಿಡಿದೆವು. ಅಡ್ವಾನ್ಸ್ ಕೊಡುವುದಕ್ಕೆ ಅಮ್ಮ ಕೆಲಸದ ಮನೆಯೊಂದರಲ್ಲಿ ಸಾಲ ಮಾಡಿದರು. ಕೆಲಸ ಮಾತ್ರ ಕೋರಮಂಗಲದಲ್ಲೇ ಉಳಿಯಿತು. ಆಗ ಬಸ್ಸು ಫ್ರೀ ಇರಲಿಲ್ಲ. ಎರಡು ಬಸ್ಸು ಬದಲಾಯಿಸಿ ಹೋಗಿ ಬರುವ ಖರ್ಚು ಅಮ್ಮನ ಒಂದು ಮನೆಯ ಸಂಬಳವನ್ನು ಹತ್ತಿರ ಹತ್ತಿರ ನುಂಗಿಬಿಡುತ್ತಿತ್ತು.

ಅದೇ ವರ್ಷ ಜುಲೈನಲ್ಲಿ ಅನ್ನಭಾಗ್ಯ ಬಂತು. ರೂಪಾಯಿಗೆ ಒಂದು ಕೆಜಿ ಅಕ್ಕಿ, ದೊಡ್ಡ ಕುಟುಂಬಕ್ಕೆ 30 ಕೆಜಿವರೆಗೆ. ತನಗೆ ಸಾಲ ಕೊಟ್ಟಿದ್ದ ಮನೆಯಲ್ಲೇ ಅಮ್ಮ ಸಂಬಳ ಸ್ವಲ್ಪ ಜಾಸ್ತಿ ಮಾಡಿ ಎಂದು ಕೇಳಿದರು. ಅವತ್ತು ರಜೆ, ನಾನೂ ಜೊತೆಗೆ ಹೋಗಿದ್ದೆ, ಹಿಂದುಗಡೆ ಬಟ್ಟೆ ಹಿಂಡುತ್ತಿದ್ದೆ. ‘ಇನ್ಮೇಲೆ ರೂಪಾಯಿಗೆ ಅಕ್ಕಿ ಬರುತ್ತಲ್ಲಮ್ಮ, ಇನ್ನೇನು ಖರ್ಚು ನಿಮಗೆ?’ ಎಂದರು ಆ ಮನೆಯ ಯಜಮಾನರು. ಗದರಿಸಿ ಹೇಳಲಿಲ್ಲ. ಪೇಪರ್ ಮಡಚುತ್ತಾ, ಒಳ್ಳೆಯ ಸುದ್ದಿ ಹೇಳುವ ಧ್ವನಿಯಲ್ಲೇ ಹೇಳಿದರು. ಅಮ್ಮಾವ್ರು ಪಕ್ಕದಲ್ಲೇ ಇದ್ದರು, ಮಾತಾಡಲಿಲ್ಲ.

ಅವರಿಗೆ ಗೊತ್ತಿರದ್ದು ಬಹಳ ಇತ್ತು. ನಮ್ಮ ಕಾರ್ಡು ಈಜಿಪುರದ ವಿಳಾಸದಲ್ಲೇ ಉಳಿದಿತ್ತು. ಅಕ್ಕಿ ಸಿಗುತ್ತಿದ್ದದ್ದು ಹಳೆಯ ಡಿಪೋದಲ್ಲಿ. ಅದು ತೆರೆಯುವ ದಿನ ತಿಳಿದುಕೊಂಡು, ಕ್ಯೂ ನಿಂತು, ಮೂಟೆಯನ್ನು ಎರಡು ಬಸ್ಸಿನಲ್ಲಿ ತರಬೇಕೆಂದರೆ ಒಂದು ದಿನದ ಕೆಲಸ ಹೋಗುತ್ತಿತ್ತು. ಆ ದಿನದ ರಜೆಗೆ ಎರಡು ಮನೆಯವರು ಸಂಬಳ ಹಿಡಿಯುತ್ತಿದ್ದರು. ಅಕ್ಕಿ ಬಂದಮೇಲೆ ಬೇಳೆ ಬೇಕಲ್ಲ, ಎಣ್ಣೆ ಬೇಕಲ್ಲ, ಬಾಡಿಗೆಗೆ ಅಕ್ಕಿ ಕೊಡಲಾಗುತ್ತದೆಯೇ? ಅಪ್ಪನಿಗೆ ಆಗ ಶುಗರ್ ಜಾಸ್ತಿಯಾಗಿ ಕಾಲಿನ ಗಾಯ ಮಾಯದೆ ಗಾರೆ ಕೆಲಸ ನಿಂತಿತ್ತು.

ಆ ವರ್ಷವೇ ಅಣ್ಣ ಹತ್ತನೇ ಕ್ಲಾಸು ಮುಗಿಸಿ ನೀರಿನ ಕ್ಯಾನ್ ಹಾಕುವ ಗಾಡಿಗೆ ಸೇರಿದ. ನನಗಿಂತ ಚೆನ್ನಾಗಿ ಓದುತ್ತಿದ್ದವನು. ಆ ಮನೆಯವರು ಇನ್ನೂರು ಮುನ್ನೂರು ರೂಪಾಯಿ ಜಾಸ್ತಿ ಕೊಟ್ಟಿದ್ದರೆ ಅವನು ಓದಿಬಿಡುತ್ತಿದ್ದ ಎಂದು ನಾನು ಹೇಳುವುದಿಲ್ಲ, ಅಷ್ಟು ಸುಲಭದ ಲೆಕ್ಕ ಅದಲ್ಲ. ಆದರೆ ಎಲ್ಲ ಮನೆಗಳೂ ಅವತ್ತು ಅದೇ ಮಾತು ಹೇಳಿದವು. ಇವತ್ತು ನಾನು ಸ್ಟಾಫ್ ನರ್ಸ್, ಅಣ್ಣ ಈಗಲೂ ಗಾಡಿ ಓಡಿಸುತ್ತಾನೆ. ನನ್ನ ಮೊದಲ ಸಂಬಳ ಅವನ ಕೈಗೆ ಕೊಟ್ಟಾಗ ಬೇಡ ಎಂದ. ಇನ್ನೂ ಆ ವಿಷಯ ನಾವಿಬ್ಬರೂ ಕೂತು ಮಾತಾಡಿಲ್ಲ.

ಗೃಹಲಕ್ಷ್ಮಿಯ ಮೊದಲ ಕಂತು ಬಂದಾಗ ಅಮ್ಮ ಏನು ಮಾಡಿದರು ಗೊತ್ತೇ? ಮಂಡಿ ತೋರಿಸಲು ಡಾಕ್ಟರ ಹತ್ತಿರ ಹೋದರು. ಎಷ್ಟೋ ವರ್ಷದ ನೋವು. ಎಲ್ಲಿಂದ ಬಂತು ಆ ನೋವು? ನೆಲ ಒರೆಸಿ ಒರೆಸಿ ಬಂತು. ಮಗಳು ನರ್ಸ್ ಆಗಿದ್ದರೂ ನನ್ನ ದುಡ್ಡಿನಲ್ಲಿ ಹೋಗಲಿಲ್ಲ; ‘ಇದು ನಂದು’ ಎನ್ನುತ್ತಾ ಆ ದುಡ್ಡಿನಲ್ಲಿ ಹೋದರು. ಈಗ ಒಂದೊಂದು ಸಲ ಕಂತು ತಡವಾಗಿ ಬರುತ್ತದೆ, ಆದರೂ ಬಂದಾಗ ಅದು ಅಮ್ಮನದೇ. ನೀವು ಆ ಎರಡು ಸಾವಿರವನ್ನು ನೋಡಿ ಸಂಬಳ ಏರಿಸದಿದ್ದರೆ, ಸರ್ಕಾರದ ದುಡ್ಡು ಆಕೆಯ ಖಾತೆಗೆ ಹೋಗಿ, ಅಲ್ಲಿಂದ ನಿಮ್ಮ ಮನೆಗೆ ಬಂದ ಹಾಗಾಯಿತು. ಆಕೆಗೆ ಪಾಸ್‌ಬುಕ್ಕಿನ ಎಂಟ್ರಿ ಮಾತ್ರ ಉಳಿಯಿತು.

ಅಮ್ಮಾ, ನಿಮ್ಮ ಮೇಲೆ ನನಗೆ ಕೋಪವಿಲ್ಲ. ಅವತ್ತಿನ ಅಮ್ಮಾವ್ರು ಸುಮ್ಮನಿದ್ದರು, ನೀವು ಇದನ್ನು ಬರೆದು ಕೇಳಿದ್ದೀರಿ. ಇನ್ನೊಂದು ಹೆಜ್ಜೆ, ನಿಮ್ಮ ಯಜಮಾನರ ಎದುರಿಗೇ ಹೇಳಿ.

— ಸ್ಟಾಫ್ ನರ್ಸ್, ಸರ್ಜಾಪುರ ರಸ್ತೆ

*

ನಾನು ಹೇಳ್ತಾ ಇವ್ನಿ, ಮಗ ಬರ್ಕತಾವ್ನೆ. ನಾನು ಐದು ಮನೆ ಮಾಡ್ತೀನಿ. ಒಂದು ಮನೇರು ‘ನಿಂಗೆ ಎರಡು ಸಾವ್ರ ಬತ್ತದಲ್ಲ’ ಅಂದ್ರೆ ಸರಿ ಅಂತ ಸುಮ್ಕಿರ್ಬೋದು. ಐದು ಮನೇರೂ ಅದೇ ಎರಡು ಸಾವ್ರ ತೋರ್ಸಿ ಸಂಬ್ಳ ಏರ್ಸಕ್ಕಿಲ್ಲ ಅಂದ್ರೆ? ಒಂದೊಂದು ಮನೇಲಿ ಒಂದೊಂದು ಸಾವ್ರ ಅಂದ್ರೂ ಐದು ಸಾವ್ರ ಹೋಯ್ತಲ್ಲವ್ವ. ಬರೋದು ಎರಡು. ಅದ್ರಾಗೂ ಸಂಘದ ಕಂತು ಕಟ್ಬೇಕು.

ಇನ್ನೊಂದು ಮಾತು. ಕೆಲ್ಸದ ಮನೇರು ಮಗನ ಮನೆಗೆ ಅಂತ ಎರಡು ಮೂರು ತಿಂಗ್ಳು ಊರು ಬುಟ್ಟು ಹೋಯ್ತಾರೆ, ಬಂದ್ಮೇಲೆ ‘ನೀನು ಕೆಲ್ಸ ಮಾಡಿಲ್ವಲ್ಲ’ ಅಂತಾರೆ. ನನ್ ಬಾಡ್ಗೆ ಊರಿಗೆ ಹೋಗಕ್ಕಿಲ್ಲ ಅಮ್ಮಾವ್ರೆ. ಏರ್ಸೋದು ಹಂಗಿರ್ಲಿ, ಆ ತಿಂಗ್ಳಲ್ಲಿ ಅರ್ಧನಾದ್ರೂ ಕೊಡಿ.

— ಮನೆಗೆಲಸದವರು, ಶ್ರೀರಾಂಪುರ

(ಐದು ಮನೆಯ ಈ ಲೆಕ್ಕ ನಮಗೆ ಹೊಳೆದಿರಲಿಲ್ಲ. ಪ್ರಶ್ನೆ ಕೇಳಿದವರು ಇದನ್ನು ಯಜಮಾನರಿಗೆ ಓದಿ ಹೇಳಬಹುದು. — ಸಂ.)

*

ಬಡವರ ಮನೆಯಲ್ಲಿ ಎಲ್ಲವೂ ಫ್ರೀ ಎಂದು ನಂಬಿರುವವರಿಗೆ ಒಂದು ವಿಷಯ. ನಾನು ಅರ್ಜಿ ತುಂಬಿಸುವ ಕೇಂದ್ರವೊಂದರಲ್ಲಿ ಕೂರುತ್ತೇನೆ. ಮನೆಗೆಲಸದವರು ಬಾಡಿಗೆಗಿರುವ ಎಷ್ಟೋ ವಠಾರಗಳಲ್ಲಿ ನಾಲ್ಕೈದು ಮನೆಗೆ ಬೆಸ್ಕಾಂ ಮೀಟರು ಒಂದೇ. ಉಳಿದವು ಓನರ್ ಹಾಕಿಸಿದ ಸಬ್‌ಮೀಟರ್. ಗೃಹಜ್ಯೋತಿ ಕೊಡುವುದು ಆರ್‌ಆರ್ ನಂಬರಿಗೆ, ಅಂದರೆ ಬೆಸ್ಕಾಂ ಸಂಪರ್ಕದ ಸಂಖ್ಯೆಗೆ. ಐದು ಸಂಸಾರದ ಬಳಕೆ ಒಂದೇ ಮೀಟರಿನಲ್ಲಿ ಓಡಿದರೆ 200 ಯೂನಿಟ್ ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್. ಓನರ್ ಅದನ್ನು ಯೂನಿಟ್ಟಿಗೆ ಇಷ್ಟು ಎಂದು ಬಾಡಿಗೆದಾರರಿಂದ ವಸೂಲಿ ಮಾಡುತ್ತಾನೆ. ಹಾಗಾಗಿ ಇಬ್ಬರೇ ಇರುವ ಸ್ವಂತ ಮನೆಯಲ್ಲಿ ಸೊನ್ನೆ ಬಿಲ್, ಹತ್ತಡಿ ರೂಮಿನಲ್ಲಿ ದುಡ್ಡಿನ ಬಿಲ್. ಇದು ಪ್ರತಿ ವಾರ ನಮ್ಮ ಕೌಂಟರಿಗೆ ಬರುವ ಗೋಳು, ನನಗೆ ಬಹಳ ಬೇಸರ ತರಿಸುವಂಥದ್ದು.

ಹೊರಗಿನಿಂದ ಬಂದವರಿಗೆ ಇಲ್ಲಿನ ರೇಷನ್ ಕಾರ್ಡೇ ಇರುವುದಿಲ್ಲ; ಕಾರ್ಡಿಲ್ಲದೆ ಅಕ್ಕಿಯೂ ಇಲ್ಲ, ಗೃಹಲಕ್ಷ್ಮಿಯೂ ಇಲ್ಲ. ಕಾರ್ಡಿದ್ದೂ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗದೆ ದುಡ್ಡು ಬಾರದವರಿದ್ದಾರೆ. ನಿಮ್ಮ ಮನೆಗೆಲಸದಾಕೆಗೆ ನಿಜಕ್ಕೂ ಏನೇನು ಬರುತ್ತಿದೆ ಎಂದು ಒಂದು ಸಲ ಕೂರಿಸಿ ಕೇಳಿ. ಸಿಗದೆ ಇರುವುದೇನಾದರೂ ಇದ್ದರೆ ಅರ್ಜಿ ಹಾಕಲು ಜೊತೆಗೆ ಹೋಗಿ. ನಿಮ್ಮಂಥವರು ಪಕ್ಕದಲ್ಲಿ ನಿಂತರೆ ಕೌಂಟರಿನಲ್ಲಿ ಮಾತಾಡಿಸುವ ರೀತಿಯೇ ಬೇರೆ.

— ಸೇವಾಕೇಂದ್ರದ ನೌಕರ, ಕಾಮಾಕ್ಷಿಪಾಳ್ಯ

*

ಸಾವಿರ ಕೊಡಲು ಆಗದಿದ್ದರೆ ಒಂದು ಹೊತ್ತಿನ ಪಾತ್ರೆ ನೀವೇ ತೊಳೆದುಕೊಳ್ಳಿ. ಹಳೆಯ ಸಂಬಳಕ್ಕೆ ಹಳೆಯ ಕೆಲಸವನ್ನೇ ಮಾಡಿಸಬೇಡಿ.

— ಓದುಗ, ಮಹದೇವಪುರ

*

ಇದು ಕರುಣೆಯ ವಿಷಯ ಎಂಬಂತೆ ಎಲ್ಲರೂ ಬರೆಯುತ್ತಾರೆ ಎಂದು ಊಹಿಸಿ ಇಷ್ಟು ಹೇಳುತ್ತೇನೆ. ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ಕರ್ನಾಟಕ 2004ರಲ್ಲೇ ತಂದಿದೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಆಕೆ ನೌಕರಳು. ನೌಕರರಿಗೆ ಪ್ರತಿ ವರ್ಷ ತುಟ್ಟಿಭತ್ಯೆ ಏರುವುದನ್ನು ನಾವು ಕೈಗಾರಿಕೆಗಳಲ್ಲಿದ್ದವರು ಹೋರಾಡಿಯೇ ಪಡೆದೆವು. ನಮಗೆ ಇಎಸ್‌ಐ ಆರೋಗ್ಯ ವಿಮೆ ಇತ್ತು, ಕ್ಯಾಂಟೀನಿನಲ್ಲಿ ಅಗ್ಗದ ಊಟ ಇತ್ತು. ಇವೆಲ್ಲ ಇವೆ, ತುಟ್ಟಿಭತ್ಯೆ ಬೇಡ ಎಂದು ಕಂಪನಿ ಹೇಳಿದ್ದರೆ ನಿಮ್ಮ ಯಜಮಾನರೇ ಗೇಟಿನ ಮುಂದೆ ಕೂರುತ್ತಿದ್ದರು. ಒಂದೇ ಸಲ ಸಾವಿರ ಭಾರವಾದರೆ ಈಗ ಐನೂರು, ಆರು ತಿಂಗಳಿಗೆ ಇನ್ನೈನೂರು ಎಂದು ಆಕೆಯೊಂದಿಗೆ ಕೂತು ಒಪ್ಪಂದಕ್ಕೆ ಬನ್ನಿ. ಆಮೇಲೆ ಪ್ರತಿ ಜನವರಿಗೆ ಆಕೆ ಕೇಳುವ ಮುಂಚೆ ನೀವೇ ಏರಿಸಿ. ವಾರಕ್ಕೊಂದು ರಜೆಯೂ ಅದರಲ್ಲಿ ಸೇರಲಿ.

— ಕಾರ್ಮಿಕ ಸಂಘದ ಹಳೆಯ ಕಾರ್ಯಕರ್ತ, ಪೀಣ್ಯ

*

ಎಲ್ಲ ಪತ್ರಗಳ ಪ್ರತಿಯನ್ನು ರಾಜಾಜಿನಗರದ ಓದುಗರಿಗೆ ತಲುಪಿಸಿದ್ದೇವೆ. ಅವರ ಯಜಮಾನರು ಉತ್ತರ ಬರೆದರೆ ಅದನ್ನೂ ಇದೇ ಪುಟದಲ್ಲಿ, ಇಷ್ಟೇ ಜಾಗ ಕೊಟ್ಟು ಪ್ರಕಟಿಸುತ್ತೇವೆ. ಮನೆಗೆಲಸ ಮಾಡುವವರು ಇನ್ನಷ್ಟು ಜನ ಬರೆಯಲಿ. ಬರೆಯಲು ಬಾರದವರು ಮಕ್ಕಳಿಂದ ಬರೆಸಿದರೂ ಸರಿ. — ಸಂ.