ಅಬಿಯೋಲಾ ಅವರನ್ನು ಪ್ರಜಾಪ್ರಭುತ್ವದ ಹೋರಾಟಗಾರರೆನ್ನಬಹುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ನೈಜೀರಿಯಾದ ಉದ್ಯಮಿ ಮೊಶೂದ್ ಅಬಿಯೋಲಾ ಅವರ ಬಗ್ಗೆ ನಾನು ಮಾತನಾಡಬೇಕಾಗಿದೆ. ಸೇನಾಡಳಿತಗಾರರ ಒಡನಾಟದಲ್ಲಿದ್ದೇ ಕೋಟ್ಯಧಿಪತಿಯಾದವರು ಕೊನೆಗೆ ಅದೇ ಸೇನೆಯ ಸೆರೆಯಲ್ಲಿ ಪ್ರಾಣಬಿಟ್ಟರು. ಅವರನ್ನು ಪ್ರಜಾಪ್ರಭುತ್ವದ ಹೋರಾಟಗಾರರೆಂದು ಕರೆಯುವುದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಂಡ್ಯ):
ಅವರು ಹುಟ್ಟು ಸಿರಿವಂತರಲ್ಲ ಸರ್. 1937ರಲ್ಲಿ ಅಬೆಯೋಕುಟಾದಲ್ಲಿ ಹುಟ್ಟಿದ ಅವರು ಒಂಬತ್ತನೆಯ ವಯಸ್ಸಿಗೇ ನಸುಕಿನಲ್ಲೆದ್ದು, ಸೌದೆ ಆಯ್ದು ತಂದು ಮಾರಿ, ಆಮೇಲೆ ಶಾಲೆಗೆ ಹೋಗುತ್ತಿದ್ದರು. ಗ್ಲಾಸ್ಗೋದಲ್ಲಿ ಲೆಕ್ಕಶಾಸ್ತ್ರ ಓದಿ, ಐಟಿಟಿ ಎಂಬ ಅಮೆರಿಕದ ಕಂಪನಿಯಲ್ಲಿ ಮೇಲೇರಿ, 1980ರಲ್ಲಿ ಕಾನ್ಕಾರ್ಡ್ ಪತ್ರಿಕೆಯನ್ನೂ ಆರಂಭಿಸಿದರು. 1993ರ ಜೂನ್ 12ರ ಅಧ್ಯಕ್ಷೀಯ ಚುನಾವಣೆಯಲ್ಲಿ ಎದುರಾಳಿ ಬಶೀರ್ ತೋಫಾ ಅವರ ತವರಾದ ಉತ್ತರದ ಕಾನೋದಲ್ಲೂ ಅಬಿಯೋಲಾ ಅವರೇ ಮುಂದಿದ್ದರು. ದಕ್ಷಿಣದ ಯೊರುಬಾ ಜನಾಂಗದವರೊಬ್ಬರಿಗೆ ಉತ್ತರದವರು ಹೀಗೆ ಕೈಹಿಡಿದದ್ದೇ ಆ ಚುನಾವಣೆಯ ಹಿರಿಮೆ ಎಂದು ನನ್ನ ಭಾವನೆ. ಫಲಿತಾಂಶ ಪೂರ್ತಿ ಘೋಷಣೆಯಾಗುವ ಮೊದಲೇ, ಅವರ ಹಳೆಯ ಸ್ನೇಹಿತರೇ ಆಗಿದ್ದ ಅಂದಿನ ಸೇನಾಡಳಿತಗಾರ ಜನರಲ್ ಬಾಬಂಗಿಡಾ ಚುನಾವಣೆಯನ್ನು ರದ್ದುಪಡಿಸಿದರು.

ಉತ್ತರ (ಮದ್ದೂರು):
ಸಂಪತ್ತಿನ ಮೂಲದ ಪ್ರಶ್ನೆಯನ್ನು ಬದಿಗೆ ಸರಿಸಬಾರದು. ಐಟಿಟಿಯ ದೊಡ್ಡ ಗುತ್ತಿಗೆಗಳು ಸೇನಾ ಸರ್ಕಾರದಿಂದಲೇ ಬಂದಿದ್ದವು. ಆದರೆ ಅಷ್ಟು ಹಣವಿದ್ದವರಿಗೆ ರಾಜಿ ಮಾಡಿಕೊಂಡು ಸುಖವಾಗಿರುವುದು ಕಷ್ಟವೇನೂ ಆಗಿರಲಿಲ್ಲ. ಅವರು 1994ರ ಜೂನ್ 11ರಂದು ಲಾಗೋಸಿನ ಎಪೆಟೆಡೊದಲ್ಲಿ ತಾವೇ ಅಧ್ಯಕ್ಷರೆಂದು ಬಹಿರಂಗವಾಗಿ ಸಾರಿದರು, ಬಂಧಿತರಾದರು, ಜನಾದೇಶದ ಹಕ್ಕನ್ನು ಬಿಟ್ಟುಕೊಟ್ಟರೆ ಬಿಡುಗಡೆ ಮಾಡುತ್ತೇವೆಂದರೂ ಒಪ್ಪಲಿಲ್ಲ. ಶಿವಪುರದ ಧ್ವಜ ಸತ್ಯಾಗ್ರಹವನ್ನೂ, ಜವಾಬ್ದಾರಿ ಸರ್ಕಾರಕ್ಕಾಗಿ 1947ರಲ್ಲಿ ನಡೆದ ಮೈಸೂರು ಚಲೋವನ್ನೂ ಕಂಡ ಸೀಮೆಯವರಾದ ನಮಗೆ ಆ ಹಟದ ಬೆಲೆ ತಿಳಿಯದ್ದಲ್ಲ. ಹೋರಾಟಗಾರರೆಂದು ಧಾರಾಳವಾಗಿ ಕರೆಯಿರಿ.

ಉತ್ತರ (ಸರಸ್ವತಿಪುರಂ, ಮೈಸೂರು):
ನಾನೂ ಇದನ್ನೇ ಹೇಳುತ್ತಿದ್ದೆ. ಆದರೆ ಅವರ ಪತ್ನಿ ಕುದಿರಾತ್ ಅವರನ್ನು ಬಿಟ್ಟು ಈ ಕಥೆ ಹೇಳುವುದು ನ್ಯಾಯವಲ್ಲ. ಪತಿ ಸೆರೆಯಲ್ಲಿದ್ದಾಗ 1994ರ ತೈಲ ಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ ನಿಂತ ಅವರನ್ನು 1996ರ ಜೂನ್ 4ರಂದು ಲಾಗೋಸಿನಲ್ಲಿ ಗುಂಡಿಟ್ಟು ಕೊಂದರು. 1998ರ ಜೂನ್ 8ರಂದು ಅವರನ್ನು ಸೆರೆಯಲ್ಲಿಟ್ಟಿದ್ದ ಸೇನಾ ಸರ್ವಾಧಿಕಾರಿ ಅಬಾಚಾ ಸತ್ತ ಮೇಲೆ ಅಬಿಯೋಲಾ ಅವರ ಬಿಡುಗಡೆಯಾಗುವುದೆಂದು ಎಲ್ಲರೂ ಕಾದಿದ್ದರು. ಜುಲೈ 7ರಂದು ಅಮೆರಿಕದ ನಿಯೋಗದೊಂದಿಗೆ ಮಾತನಾಡುತ್ತಿದ್ದಾಗಲೇ ಅಸ್ವಸ್ಥರಾಗಿ ಅವರು ತೀರಿಕೊಂಡರು. ಹೃದ್ರೋಗವೇ ಕಾರಣವೆಂದು ವೈದ್ಯರು ಹೇಳಿದರೂ ನೈಜೀರಿಯಾದಲ್ಲಿ ಅದನ್ನು ನಂಬದವರು ಬಹಳ ಮಂದಿ ಇದ್ದಾರೆ. ಜೂನ್ 12 ಅಲ್ಲಿ ಪ್ರಜಾಪ್ರಭುತ್ವ ದಿನವೆಂದು ಘೋಷಣೆಯಾದದ್ದು 2018ರಲ್ಲಿ. ನಿಮ್ಮ ಮಾತಿನ ಅರ್ಧ ಭಾಗವನ್ನಾದರೂ ಕುದಿರಾತ್ ಅವರಿಗೆ ಮೀಸಲಿಡಬೇಕೆಂದು ಕೋರುತ್ತೇನೆ.