ಎಸ್‌ಎಸ್‌ಡಿ ಹಾಕಿದ ಮೇಲೆ ಮಿಂಟ್ ಲೋಗೋದಲ್ಲೇ ನಿಂತುಬಿಡುತ್ತೆ (ಕೋರ್ 2 ಡ್ಯುಯೋ, ಜಿ41)

ಹಳೇಪೆಟ್ಟಿಗೆ:
ಕೋರ್ 2 ಡ್ಯುಯೋ ಇ7500, ಜಿ41 ಬೋರ್ಡ್, 4 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ 21.3. ಹಳೆ 320 ಜಿಬಿ ಹಾರ್ಡ್‌ಡಿಸ್ಕಿನ ರೂಟ್ ಪಾರ್ಟಿಶನ್ (ಲಿನಕ್ಸ್ ಇರುವ ಭಾಗ) ಅನ್ನು ಜಿಪಾರ್ಟೆಡ್‌ನಲ್ಲಿ 240 ಜಿಬಿ ಎಸ್‌ಎಸ್‌ಡಿಗೆ ಕಾಪಿ ಮಾಡಿ, ಸ್ವಾಪ್ (ರ‍್ಯಾಮ್ ಸಾಲದಾಗ ಬಳಕೆಯಾಗುವ ಡಿಸ್ಕಿನ ಭಾಗ) ಮಾತ್ರ ಹೊಸದಾಗಿ ಮಾಡಿದ್ದೇನೆ. ಗ್ರಬ್ (ಲಿನಕ್ಸ್ ಶುರು ಮಾಡುವ ಬೂಟ್ ಮೆನು) ಕೂಡ ಎಸ್‌ಎಸ್‌ಡಿಗೆ ಹಾಕಿದ್ದಾಗಿದೆ. ಹಳೆ ಡಿಸ್ಕ್ ತೆಗೆದು ಆನ್ ಮಾಡಿದರೆ ಗ್ರಬ್ ಬರುತ್ತೆ, ಲೋಗೋ ಬರುತ್ತೆ, ಆಮೇಲೆ ಸುಮಾರು ಎರಡು ನಿಮಿಷ ಅಲ್ಲಾಡಲ್ಲ. ಕಾದರೆ ಲಾಗಿನ್ ಬರುತ್ತೆ. ಹಳೆ ಡಿಸ್ಕನ್ನೂ ಸಿಕ್ಕಿಸಿದರೆ ನಿಲ್ಲದೆ ಬೂಟ್ ಆಗುತ್ತೆ, ಆದರೆ ಮೊದಲಿನಷ್ಟೇ ನಿಧಾನ. ಬಯಾಸ್ ಗಡಿಯಾರವೂ ಪ್ರತಿ ಸಲ ಹಿಂದಕ್ಕೆ ಹೋಗುತ್ತೆ. ರ‍್ಯಾಮ್ ಹೋಗಿದೆಯಾ? ಎಎಚ್‌ಸಿಐ (ಸಾಟಾ ಡಿಸ್ಕ್ ನಡೆಸುವ ಹೊಸ ಮೋಡ್) ಆನ್ ಮಾಡಬೇಕಾ? ಬಯಾಸ್‌ನಲ್ಲಿ ಆ ಆಯ್ಕೆಯೇ ಕಾಣ್ತಿಲ್ಲ.

ಕರ್ನಲ್‌ಕಟ್ಟೆ:
ರ‍್ಯಾಮ್ ಕೆಟ್ಟಿದ್ದರೆ ಇಷ್ಟು ಗಡಿಯಾರ ಹಿಡಿದು ನಿಲ್ಲುವುದಿಲ್ಲ. ಗ್ರಬ್ ಮೆನುವಿನಲ್ಲಿ ‘ಇ’ ಕೀ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಯ ‘ಕ್ವಯಟ್ ಸ್ಪ್ಲ್ಯಾಶ್’ ಎರಡೂ ಪದ ಅಳಿಸಿ ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಬೂಟಿಗೆ ಮಾತ್ರ. ಲೋಗೋ ಬದಲು ಸಾಲುಗಳು ಓಡುತ್ತವೆ, ಎಲ್ಲಿ ನಿಲ್ಲುತ್ತದೋ ಅಲ್ಲೇ ಕಾರಣ.

ನಿಮ್ಮಲ್ಲಿ ಎರಡು ಕಡೆ ನಿಲ್ಲಬೇಕು. ಮೊದಲು ಸುಮಾರು 30 ಸೆಕೆಂಡ್, ಹೈಬರ್ನೇಟ್‌ನಿಂದ (ರ‍್ಯಾಮಿನಲ್ಲಿದ್ದದ್ದನ್ನು ಸ್ವಾಪ್‌ಗೆ ಬರೆದು ಆಫ್ ಆಗುವುದು) ಎಬ್ಬಿಸಲು ಹಳೆ ಸ್ವಾಪ್ ಹುಡುಕುವಾಗ. ಆಮೇಲೆ 1 ನಿಮಿಷ 30 ಸೆಕೆಂಡ್, ಸಿಸ್ಟಮ್‌ಡಿ (ಬೂಟ್‌ನಲ್ಲಿ ಸೇವೆಗಳನ್ನು ಶುರು ಮಾಡುವ ಪ್ರೋಗ್ರಾಮ್) ಅದೇ ಸ್ವಾಪ್‌ಗೆ ಕಾಯುವಾಗ. ಹೊಸ ಸ್ವಾಪ್ ಮಾಡಿದಾಗ ಅದರ ಯುಯುಐಡಿ (ಪಾರ್ಟಿಶನ್ನಿನ ಗುರುತಿನ ಸಂಖ್ಯೆ) ಬದಲಾಯಿತು, ಫೈಲುಗಳಲ್ಲಿ ಹಳೆಯದೇ ಉಳಿದಿದೆ. ಹಳೆ ಡಿಸ್ಕ್ ಇದ್ದಾಗ ಆ ಸ್ವಾಪ್ ಸಿಗುತ್ತೆ, ಅದಕ್ಕೇ ತಡೆಯಿಲ್ಲ.

ಹಳೆ ಡಿಸ್ಕ್ ತೆಗೆದೇ ಬೂಟ್ ಮಾಡಿ. ಜಿಪಾರ್ಟೆಡ್‌ನಲ್ಲಿ ಹೊಸ ಸ್ವಾಪ್ ಮೇಲೆ ರೈಟ್ ಕ್ಲಿಕ್, ಇನ್ಫರ್ಮೇಶನ್, ಅಲ್ಲಿನ ಯುಯುಐಡಿ ಕಾಪಿ ಮಾಡಿ. ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಫೈಲನ್ನು (ಬೂಟ್‌ನಲ್ಲಿ ಬಳಸುವ ಪಾರ್ಟಿಶನ್‌ಗಳ ಪಟ್ಟಿ) ಅಡ್ಮಿನ್ ಅಧಿಕಾರದಲ್ಲಿ ತೆರೆದು ಸ್ವಾಪ್ ಸಾಲಿನಲ್ಲಿ ಅದನ್ನು ಅಂಟಿಸಿ. ರೂಟ್ ಪಾರ್ಟಿಶನ್ನಿನ ಸಾಲು ಮುಟ್ಟಬೇಡಿ: ಸ್ವಾಪ್ ತಪ್ಪಿದರೆ ಕಾದು ಮುಂದೆ ಹೋಗುತ್ತೆ, ರೂಟ್ ತಪ್ಪಿದರೆ ಬೂಟೇ ಆಗದಿರಬಹುದು. ಇಷ್ಟು ಮಾಡಿದರೆ 90 ಸೆಕೆಂಡ್ ಹೋಗುತ್ತೆ. ಉಳಿದ 30ಕ್ಕೆ ಇಟಿಸಿ ಒಳಗೆ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್, ಅದರೊಳಗೆ ಕಾನ್ಫ್.ಡಿ, ಅಲ್ಲಿ ರೆಸ್ಯೂಮ್ ಎಂಬ ಫೈಲಿನಲ್ಲೂ ಹೊಸ ಯುಯುಐಡಿ ಹಾಕಿ. ಹೈಬರ್ನೇಟ್ ಬೇಡವಾದರೆ ಅಲ್ಲಿ ಯುಯುಐಡಿ ಬದಲು ‘ನನ್’ (none) ಎಂದು ಹಾಕಿ. ಫೈಲೇ ಇಲ್ಲದಿದ್ದರೆ ಮಾಡಿಕೊಳ್ಳಬಹುದು. ಕೊನೆಗೆ ಸುಡೋ ಜೊತೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಕಮಾಂಡನ್ನು ಮೈನಸ್ ಯು (-u) ಸೇರಿಸಿ ಓಡಿಸಿ. ಇದನ್ನು ಬಿಟ್ಟರೆ ಹಳೆ ಯುಯುಐಡಿಯೇ ಬೂಟ್ ಇಮೇಜಿನಲ್ಲಿ (ಬೂಟ್ ಶುರುವಿನಲ್ಲಿ ಓದುವ ಫೈಲ್) ಉಳಿಯುತ್ತೆ.

ಬೆಸುಗೆ:
ಎಎಚ್‌ಸಿಐ ಹುಡುಕಬೇಡಿ. ಜಿ41 ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಐಸಿಎಚ್7 (ಡಿಸ್ಕ್ ನೋಡಿಕೊಳ್ಳುವ ಚಿಪ್), ಅದರಲ್ಲಿ ಎಎಚ್‌ಸಿಐ ಇಲ್ಲವೇ ಇಲ್ಲ. ಹಳೆ ಐಡಿಇ ಮೋಡಿನಲ್ಲೂ ಲಿನಕ್ಸ್ ಚೆನ್ನಾಗೇ ನಡೆಯುತ್ತೆ. ಸಾಟಾ ಮಿತಿ 3 ಜಿಬಿಪಿಎಸ್, ಹಾರ್ಡ್‌ಡಿಸ್ಕಿಗೆ ಹೋಲಿಸಿದರೆ ಅದೇ ಧಾರಾಳ.

ಗಡಿಯಾರ ಹಿಂದೆ ಹೋಗುವುದು ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿದ್ದಕ್ಕೆ. ಹೊಸದು 3 ವೋಲ್ಟ್ ತೋರಿಸಬೇಕು. 2.7ರ ಹತ್ತಿರ ಬಂದಿದ್ದರೆ ಬದಲಾಯಿಸಿ, ಪವರ್ ಕೇಬಲ್ ಗೋಡೆಯಿಂದ ಕಿತ್ತ ಮೇಲೆ. ಸೆಟ್ಟಿಂಗ್ ಅಳಿಸಿ ಹೋದಾಗ ಬೂಟ್ ಕ್ರಮವೂ ಮೊದಲಿನಂತಾಗಿ ಹಳೆ ಡಿಸ್ಕೇ ಮುಂದೆ ಬರಬಹುದು.

ಹಳೇಪೆಟ್ಟಿಗೆ:
ಎಫ್‌ಎಸ್‌ಟ್ಯಾಬ್, ರೆಸ್ಯೂಮ್ ಎರಡೂ ಸರಿಪಡಿಸಿದೆ, ತಡೆ ಹೋಯಿತು. ಹಳೆ ಡಿಸ್ಕನ್ನು ಡೇಟಾಗೆ ಸಿಕ್ಕಿಸಿಕೊಳ್ಳಬಹುದಾ? ಅದಿದ್ದಾಗ ಯಾಕೆ ನಿಧಾನ ಅಂತ ಗೊತ್ತಾಗಲಿಲ್ಲ.

ಕರ್ನಲ್‌ಕಟ್ಟೆ:
ಹಾಗೇ ಸಿಕ್ಕಿಸಬೇಡಿ. ಜಿಪಾರ್ಟೆಡ್ ಕಾಪಿ ಮಾಡಿದಾಗ ಯುಯುಐಡಿಯೂ ಕಾಪಿ ಆಗುತ್ತೆ. ಒಂದೇ ಯುಯುಐಡಿಯ ರೂಟ್ ಎರಡಿದ್ದರೆ ಯಾವುದು ಮೌಂಟ್ ಆಗುತ್ತೆ ಎಂದು ಹೇಳಲಾಗದು. ಗ್ರಬ್ ಎಸ್‌ಎಸ್‌ಡಿಯದ್ದು, ರೂಟ್ ಹಾರ್ಡ್‌ಡಿಸ್ಕಿನದ್ದು ಆಗಿರಬಹುದು, ನಿಧಾನಕ್ಕೆ ಅದೇ ಕಾರಣ ಇರಬೇಕು.

ಮೆಷಿನ್ ಎಸ್‌ಎಸ್‌ಡಿಯಿಂದ ಪೂರ್ತಿ ಆನ್ ಆದಮೇಲೆ ಹಳೆ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್‌ನಲ್ಲಿ ಹಾಕಿ. ಫಾರ್ಮ್ಯಾಟ್‌ಗೆ ಮುಂಚೆ ಹೋಮ್ ಫೋಲ್ಡರ್ ತೆರೆದು ತಾರೀಕು ನೋಡಿ: ಎರಡೂ ಡಿಸ್ಕ್ ಇದ್ದ ದಿನಗಳಲ್ಲಿ ಸೇವ್ ಮಾಡಿದ ಫೈಲುಗಳು ಎಸ್‌ಎಸ್‌ಡಿಯಲ್ಲಿಲ್ಲದೆ ಅಲ್ಲೇ ಉಳಿದಿರಬಹುದು. ಗಡಿಯಾರ ತಪ್ಪಿತ್ತಲ್ಲ, ತಾರೀಕನ್ನೂ ಪೂರ್ತಿ ನಂಬಬೇಡಿ, ಫೈಲ್ ತೆರೆದೇ ನೋಡಿ. ಬೇಕಾದ್ದನ್ನು ಎಸ್‌ಎಸ್‌ಡಿಗೆ ತಂದ ಮೇಲೆ ಫಾರ್ಮ್ಯಾಟ್ ಮಾಡಿ, ಹೊಸ ಯುಯುಐಡಿ ತಾನಾಗಿ ಬರುತ್ತೆ. ಆಮೇಲೆ ಕ್ಯಾಬಿನೆಟ್ ಒಳಗೆ ಸಿಕ್ಕಿಸಿ.